ಕೀಲಿ ಹಾಕಿದ ಬಾಗಿಲಿನ ಮುಂದೆ ಕೆಮ್ಮು

ಮಾಳಪ್ಪ ಕಾಕಾ ಕೀಲಿ ಹಾಕಿದ ತಮ್ಮದೇ ಮನೆಯ ಮುಂದೆ ನಿಂತು ಮೊದಲು ಕೆಮ್ಮುತ್ತಿದ್ದರು. ಆಮೇಲೆ ಕೀಲಿ ತೆಗೆಯುತ್ತಿದ್ದರು. ಹೆಂಡತಿ ನಾಗಮ್ಮ ತೀರಿಕೊಂಡು, ಒಳಗೆ ಯಾರೂ ಇಲ್ಲವಾದ ಮೇಲೂ. ಸುರಪುರದ ನಮ್ಮ ಓಣಿಯಲ್ಲಿ, ಸಂಜೆ ಗುಡ್ಡದಿಂದ ಬಂದ ಕುರಿಗಳನ್ನು ಹಟ್ಟಿಯಲ್ಲಿ ಕೂಡಿಹಾಕಿದ ಬಳಿಕ ಅವರು ಕೆಮ್ಮುವುದು ಗೋಡೆಯಾಚೆ ನಮ್ಮ ಮನೆಗೂ ಕೇಳುತ್ತಿತ್ತು.

ಮಹಿಳಾ ಸಂಘಟನೆಯಲ್ಲಿ ದುಡಿಯುವ ನನಗೆ ಅದು ಸಹಿಸಲಾಗದ ಪದ್ಧತಿ. ಗಂಡಸು ಬಾಗಿಲಲ್ಲಿ ಕೆಮ್ಮಿದೊಡನೆ ಒಳಗಿನ ಹೆಣ್ಣು ಸೆರಗು ಹೊದ್ದು ಎದ್ದು ನಿಲ್ಲಬೇಕೆಂಬುದು ಅನ್ಯಾಯವೆಂದು ಕಾಕಾಗೆ ನೇರವಾಗಿಯೇ ಹೇಳಿದ್ದೆ.

"ಖರೇ ಐತಬೇ ಯವ್ವಾ," ಎಂದಿದ್ದರು. "ಆದ್ರ ನನ್ನ ಕೆಮ್ಮಿಗಿ ನಾಗಮ್ಮ ಒಂದಿನಾನೂ ಎದ್ದು ನಿಂತಾಕಿ ಅಲ್ಲ. 'ಬರ್ರಿ, ಸಾಹೇಬ್ರ ಸವಾರಿ ಬಂತು' ಅಂತ ಕುಂತಲ್ಲಿಂದನ ಒದರತಿದ್ಲು."

ಅವರಿಗೆ ಎದೆನೋವು ಬಂದಾಗ ಯಾದಗಿರಿಯ ವೈದ್ಯರೊಬ್ಬರು ಆಂಜಿಯೋಗ್ರಾಂ ಮಾಡಿಸಲು ಬರೆದುಕೊಟ್ಟರು. ಅದಕ್ಕಾಗಿ ಜಿಲ್ಲೆ ದಾಟಿ ಹೋಗಬೇಕಾದದ್ದು ಒಂದು ಅನ್ಯಾಯ. ಅಲ್ಲಿನ ಆಸ್ಪತ್ರೆಯ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದದ್ದು ಇನ್ನೊಂದು. ರಕ್ತನಾಳಕ್ಕೆ ಬಣ್ಣದ ದ್ರವ ಬಿಡುವಾಗ ಎದೆಬಡಿತ ತಪ್ಪಬಹುದು ಎಂಬ ಸಾಲನ್ನು ಜೊತೆಗೆ ಹೋಗಿದ್ದ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಕಾಕಾ ನಕ್ಕರು: "ತಪ್ಪಿಸಿಕೊಂಡ ಕುರಿ ತಿರುಗಿ ಬರತಾವ ಬಿಡು."

ಬಡಿತ ತಪ್ಪಿಯೇಬಿಟ್ಟಿತು. ಒಳಗೆ ನಡೆದದ್ದನ್ನು ಅಲ್ಲಿದ್ದ ಶಹಾಪುರದ ಕಡೆಯ ನರ್ಸ್ ಒಬ್ಬಳು ನನಗೆ ಆಮೇಲೆ ಹೇಳಿದಳು. ದ್ರವ ಸೇರುತ್ತಿದ್ದಂತೆ ಪರದೆಯ ಮೇಲಿನ ಬಡಿತದ ಗೆರೆ ಮಲಗತೊಡಗಿತು. ಜೋರಾಗಿ ಕೆಮ್ಮಿದರೆ ಎದೆಯೊಳಗಿನ ಒತ್ತಡಕ್ಕೆ ರಕ್ತ ಮುಂದೆ ಸಾಗುತ್ತದಂತೆ. "ಕೆಮ್ಮಿ! ಜೋರಾಗಿ ಕೆಮ್ಮಿ!" ಎಂದು ವೈದ್ಯರು ಕೂಗಿದರು. ಕಣ್ಣಿಗೆ ಕತ್ತಲೆ ಕವಿಯುತ್ತಿದ್ದರೂ ಕಾಕಾ ಸುತ್ತ ನೋಡಿ ಕೇಳಿದರಂತೆ: "ಬಾಗಲಾ ಎಲ್ಲೈತ್ರಿ?"

"ನಿಮ್ಮನಿ ಬಾಗಲದಾಗ ನಿಂತೀರಿ ಅಂತ ತಿಳಕೋರಿ ಯಜ್ಜಾ, ಕೆಮ್ಮರಿ!" ಎಂದು ಕಿರುಚಿದ್ದು ನಮ್ಮ ಕಡೆಯ ಪದ್ಧತಿ ಬಲ್ಲ ಈ ನರ್ಸೇ.

ಕೆಮ್ಮಿದರು. ಗೆರೆ ಎದ್ದಿತು.

ನಾಳಗಳು ಕಟ್ಟಿಕೊಂಡಿವೆ, ಶಸ್ತ್ರಚಿಕಿತ್ಸೆಯ ಸರದಿ ಬಂದಾಗ ಕರೆಯುತ್ತೇವೆ ಎಂದರು ವೈದ್ಯರು. ಬಸ್ಸಿನಲ್ಲಿ ಮರಳುವಾಗ ನಾನು ಆ ಸರದಿಯ ವ್ಯವಸ್ಥೆಯನ್ನೇ ಖಂಡಿಸುತ್ತಿದ್ದೆ. ಅವರು ಕಿಟಕಿಯತ್ತ ಮುಖ ಮಾಡಿ ಕುಳಿತಿದ್ದರು.

"ಏನ್ ಮಂದಿಬೇ ಅವರು! ನಾ ಕೆಮ್ಮಿದ್ದಕ್ಕ ಎಲ್ಲಾರೂ ಓಡಿ ಬಂದು 'ಇನ್ನೊಮ್ಮಿ, ಇನ್ನೊಮ್ಮಿ' ಅಂದ್ರು. ಮನ್ಯಾಗ ಕೆಮ್ಮಿದ್ರ ಓ ಅನ್ನೋರಿಲ್ಲ."

ಈ ದೂರನ್ನು ಯಾರ ಮುಂದೆ ಒಯ್ಯಬೇಕೆಂದು ನನಗೆ ತಿಳಿಯಲಿಲ್ಲ. ಅಂದಿನಿಂದ, ಸಂಜೆ ಕೆಮ್ಮು ಕೇಳಿದೊಡನೆ ಗೋಡೆಯ ಈಚೆಯಿಂದ ನಾನೇ ಕೂಗುತ್ತಿದ್ದೆ: "ಬರ್ರಿ ಕಾಕಾ, ಸಾಹೇಬ್ರ ಸವಾರಿ ಬಂತು!" ಆಮೇಲೆ ಕೀಲಿ ತೆಗೆದ ಸದ್ದು.

ಸರದಿ ಬರುವ ಮುನ್ನವೇ ಕಾಕಾ ಕುರಿಹಟ್ಟಿಯಲ್ಲಿ ಕುಸಿದು ತೀರಿಕೊಂಡರು. ಬಡವರ ಎದೆ ಕಾಯಬೇಕಾದ ಸಾಲು ಇಷ್ಟು ಉದ್ದವಿರಬಾರದೆಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ; ಹೇಳುತ್ತಲೇ ಇರುತ್ತೇನೆ. ಆ ಮನೆಗೆ ಈಗ ಬಾಡಿಗೆಗೆ ಬಂದಿರುವ ಗುಮಾಸ್ತರು ಸಂಜೆ ಸದ್ದಿಲ್ಲದೆ ಕೀಲಿ ತೆಗೆದು ಒಳಗೆ ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.