ದಾಮ್ಯಾಂಗಿನಲ್ಲಿ ಹೇಳಿದ ಮಾತು

ಪಕ್ಕದ ಮನೆಗೆ ಬಣ್ಣ ಬಳಿಯುವವರು ಹೋದ ವಾರ ಹಸಿ ಬಿದಿರು ತಂದು ನಮ್ಮ ಗೇಟಿನ ಮುಂದೆಯೇ ಇಳಿಸಿದರು. ನಿಂತು ಬಳಿಯಲು ಅಟ್ಟಣಿಗೆ ಕಟ್ಟಬೇಕಿತ್ತಂತೆ, ಬಿದಿರು ಕೊಯ್ಯಲು ಅವರಿಗೆ ನಮ್ಮ ಬೇವಿನ ಮರದ ನೆರಳೇ ಬೇಕಾಗಿತ್ತು. ಗರಗಸ ಆಡತೊಡಗಿದ್ದೇ ಅಡುಗೆಮನೆಯ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಹಸಿಯಾದದ್ದು, ಸ್ವಲ್ಪ ಸಿಹಿ, ಅಕ್ಕಿ ತೊಳೆದ ನೀರಿನ ಹಾಗೆ. ಒಲೆ ಆರಿಸಿ ಹಿತ್ತಿಲಿಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಒಂಬತ್ತು ವರ್ಷವಾದರೂ ಆ ವಾಸನೆ ನನಗೆ ಒಗ್ಗಿಲ್ಲ. ಅದರ ಹಿಂದೆಯೇ ಅಕ್ಕಾರೂ ನೆನಪಿಗೆ ಬಂದರು, ನಾನು ಕರೆಯದಿದ್ದರೂ.

ಅಕ್ಕಾರು ನನ್ನ ಸ್ವಂತ ಅಕ್ಕ ಅಲ್ಲ, ನೆಂಟರೂ ಅಲ್ಲ. ಧಾರವಾಡದಾಚೆ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ಗಾಡಿಗಳ ಒಳಗೆ ಕೂರುವ ವೈರುಗಳನ್ನು ಬಣ್ಣ ನೋಡಿ ಜೋಡಿಸಿ ಕಟ್ಟುವ ಕೆಲಸ. ಡಿಪ್ಲೊಮಾ ಮುಗಿಸಿ ನಾನು ಸೇರುವ ಹೊತ್ತಿಗೆ ಅವರು ಅಲ್ಲಿ ಹತ್ತು ವರ್ಷ ಕಳೆದಿದ್ದರು. ನಾನು ಪುಸ್ತಕದಲ್ಲಿ ಓದಿದ್ದನ್ನು ಕೈಗೆ ಕಲಿಸಿದವರು ಅವರೇ. ಕಂಪನಿಯ ಬಸ್ಸು ಹುಬ್ಬಳ್ಳಿಯಿಂದ ಹೊರಡುತ್ತಿತ್ತು. ಅವರು ಮೊದಲೇ ಹತ್ತಿ, ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿ ಇಟ್ಟು, ಉಣಕಲ್ಲಿನಲ್ಲಿ ಹತ್ತುವ ನನಗೆ ಜಾಗ ಹಿಡಿಯುತ್ತಿದ್ದರು. ಯಾರಾದರೂ ಕೂರಲು ಬಂದರೆ ಡಬ್ಬಿ ತೋರಿಸಿ, "ಅಲ್ಲೆ ಮಂದಿ ಅದಾರ್ರಿ" ಅನ್ನುತ್ತಿದ್ದರು.

ಇಡೀ ಪಾಳಿ ನಿಂತೇ ಮಾಡುವ ಕೆಲಸ ಅದು. ಸಂಜೆ ಬಸ್ಸಿನಲ್ಲಿ ಅಕ್ಕಾರು ಚಪ್ಪಲಿ ಬಿಚ್ಚಿ, ಬಾತುಕೊಂಡ ಕಾಲುಗಳನ್ನು ಮುಂದಿನ ಸೀಟಿನ ಸರಳಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. "ಕುಂತು ಮಾಡೂ ಕೆಲಸ ನನ್ನ ಹಣ್ಯಾಗ ಬರದಿಲ್ಲ ನೋಡವಾ" ಅನ್ನುತ್ತಿದ್ದರು. ದೂರುವ ದನಿಯಲ್ಲ, ನಗುತ್ತಲೇ ಹೇಳುತ್ತಿದ್ದರು. ಅದನ್ನು ನಾನು ತಮಾಷೆ ಅಂದುಕೊಂಡೆ… ನನ್ನ ಬುದ್ಧಿ ಅಷ್ಟೇ ಇತ್ತು.

ಕೊರಿಯಾದ ಹೊಸ ಯಂತ್ರಗಳು ಬರುವುದು ಗೊತ್ತಾದಾಗ, ಅವುಗಳ ಮೇಲಿನ ಕೆಲಸ ಕಲಿಯಲು ಮೂರು ವಾರದ ಮಟ್ಟಿಗೆ ಇಬ್ಬರನ್ನು ಅಲ್ಲಿಗೆ ಕಳಿಸಲು ಆರಿಸಿದರು. ಒಬ್ಬರು ಅಕ್ಕಾರು, ಇನ್ನೊಬ್ಬಳು ನಾನು. ವಾಪಸು ಬಂದ ಮೇಲೆ ಇಬ್ಬರಲ್ಲಿ ಒಬ್ಬರು ಹೊಸ ಲೈನಿನ ಇನ್‌ಚಾರ್ಜ್. ಇನ್‌ಚಾರ್ಜ್ ಅಂದರೆ ಗಾಜಿನ ಕೋಣೆ, ಮೇಜು, ಕುರ್ಚಿ. ಅಲ್ಲಿಯ ತರಬೇತುದಾರ ಯಾರು ಮುಂದು ಅಂತ ಬರೆಯುತ್ತಾನೋ ಅವರಿಗೆ ಕೆಲಸ ಅಂದಿದ್ದರು. ನಾವಿಬ್ಬರೂ ವಿಮಾನ ಹತ್ತುವ ಮೊದಲೇ ಒಪ್ಪಂದ ಮಾಡಿಕೊಂಡೆವು, ಯಾರಿಗೆ ಸಿಕ್ಕರೂ ಇನ್ನೊಬ್ಬಳು ಪೇಢೆ ಹಂಚಬೇಕು ಅಂತ.

ಗ್ವಾಂಗ್ಜು ಅನ್ನುವ ಊರಿನಲ್ಲಿ ಇಳಿದಿದ್ದೆವು. ಅಕ್ಕಾರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಕಡಕ್ ರೊಟ್ಟಿಯೇ ಹೆಚ್ಚಿತ್ತು, ನಂಚಿಕೊಳ್ಳಲು ಶೇಂಗಾ ಹಿಂಡಿ ಬೇರೆ. ಯಂತ್ರ ನನ್ನ ಕೈಗೆ ಬೇಗ ಒಲಿಯಿತು. ಪರದೆಯ ಮೇಲಿನ ಅಕ್ಷರ ಅಕ್ಕಾರಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಕನ್ನಡಕದ ಮೇಲೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ತರಬೇತುದಾರ ದಿನಾ ನನ್ನ ಕಡೆ ಹೆಬ್ಬೆರಳು ಎತ್ತುತ್ತಿದ್ದ. ಅಕ್ಕಾರೂ ಚಪ್ಪಾಳೆ ತಟ್ಟುತ್ತಿದ್ದರು.

ಕೊನೆಯ ಭಾನುವಾರ ರಜೆ. ಅರ್ಧ ತಾಸಿನ ದಾರಿಯಲ್ಲಿ ದಾಮ್ಯಾಂಗ್ ಅಂತ ಊರಿದೆ, ಬಿದಿರಿಗೆ ಹೆಸರುವಾಸಿ, ನೋಡದೆ ಹೋಗಬೇಡಿ ಅಂತ ಎಲ್ಲರೂ ಅಂದರು. ಬೆಳಿಗ್ಗೆಯೇ ಬಸ್ಸು ಹತ್ತಿದೆವು. ಅಕ್ಕಾರು ಇಳಕಲ್ ಸೀರೆ, ಮೇಲೆ ಸ್ವೆಟರ್, ಕೆಳಗೆ ಬೂಟು. ಬಸ್ಸಿನಲ್ಲಿದ್ದ ಇಬ್ಬರು ಅಜ್ಜಿಯರು ಸೆರಗು ಮುಟ್ಟಿ ಮುಟ್ಟಿ ನೋಡಿದರು. ಅಕ್ಕಾರು ಅವರಿಗೆ ಸೀರೆಯ ದಡಿ ಹೇಗೆ ನೇಯುತ್ತಾರೆ ಅನ್ನುವುದನ್ನು ಅಪ್ಪಟ ಕನ್ನಡದಲ್ಲಿ ವಿವರಿಸಿದರು, ಅವರೂ ಗೋಣು ಹಾಕುತ್ತ ಕೇಳಿದರು.

ನಮ್ಮ ಕಡೆ ಬಿದಿರು ಅಂದರೆ ಏಣಿ, ಬುಟ್ಟಿ, ಮೊರ. ಅಲ್ಲಿ ಬಿದಿರಿನದೇ ಒಂದು ಗುಡ್ಡ. ಒಳಗೆ ಕಾಲಿಟ್ಟರೆ ಬಿಸಿಲು ಕೂಡ ಹಸಿರಾಗಿ ಕಾಣುತ್ತಿತ್ತು, ಗಾಳಿ ಬೀಸಿದಾಗ ಮೇಲೆಲ್ಲೋ ಕಾಂಡಕ್ಕೆ ಕಾಂಡ ತಾಗಿ ಟಕಟಕ ಅನ್ನುತ್ತಿತ್ತು. ಮದುವೆಯಾಗದ ಹುಡುಗ ಹುಡುಗಿಯರು ಹೆಜ್ಜೆಗೊಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಕ್ಕಾರು ನನ್ನನ್ನೂ ನಿಲ್ಲಿಸಿ, "ಸ್ವಲ್ಪ ನಗು, ಮಾರಿ ಯಾಕ ಹಂಗ ಬಾಡೈತಿ?" ಅಂದರು. ನಿದ್ದೆ ಆಗಿಲ್ಲ ಅಂದೆ.

ಮಧ್ಯಾಹ್ನ ಊಟಕ್ಕೆ ಹೋದೆವು. ಅಲ್ಲಿ ಬಿದಿರ ಕೊಳವೆಯೊಳಗೇ ಅನ್ನ ಬೇಯಿಸಿ ಕೊಡುತ್ತಾರೆ. ಮಾಂಸಕ್ಕೆ ಅವರ ಭಾಷೆಯಲ್ಲಿ ಗೋಗಿ ಅನ್ನುತ್ತಾರೆ ಅಂತ ಅಕ್ಕಾರು ಮೊದಲ ದಿನವೇ ಕಲಿತುಬಿಟ್ಟಿದ್ದರು. ಹೋಟೆಲಿನ ಹೆಂಗಸಿಗೆ ಕೈಮುಗಿದು, "ಗೋಗಿ ಬ್ಯಾಡ್ರಿ ನಮಗ" ಅಂದರು. ಅವಳಿಗೆ ಅರ್ಥವಾಯಿತು. ಕೊಳವೆ ಬಂತು. ಮುಚ್ಚಿದ್ದ ಕಾಗದ ಬಿಚ್ಚಿದ್ದೇ ತಡ, ಬೆಂದ ಬಿದಿರಿನ ಹಬೆ ಮುಖಕ್ಕೆ ಹೊಡೆಯಿತು. ನಾನು ಬಾಯಿ ಮುಚ್ಚಿಕೊಂಡು ಹೊರಗೆ ಓಡಿದೆ.

ಗೋಡೆಯ ಹಿಂದೆ ವಾಂತಿ ಮಾಡುವಾಗ ಯಾರೋ ಹಣೆ ಹಿಡಿದುಕೊಂಡರು. ಅಕ್ಕಾರ ಕೈ. ನೀರು ಕೊಟ್ಟು, ಸೆರಗಿನಿಂದ ನನ್ನ ಮುಖ ಒರೆಸಿದರು.

"ಎಷ್ಟಾತು?"

ನಾನು ಎರಡು ಬೆರಳು ತೋರಿಸಿದೆ. ಗಂಡನ ಹೊರತು ಯಾರಿಗೂ ಗೊತ್ತಿರಲಿಲ್ಲ, ಅವ್ವನಿಗೂ. ಮೂರು ತಿಂಗಳು ತುಂಬದೆ ಹೇಳಬಾರದು ಅನ್ನುವುದು ನಮ್ಮ ಮನೆಯ ರೂಢಿ. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣವಿತ್ತು. ಅದನ್ನೂ ಮುಚ್ಚಿಡದೆ ಹೇಳಿಬಿಟ್ಟೆ. "ಕಂಪನಿಗೆ ಗೊತ್ತಾದರ ನನ್ನ ಕೈಬಿಡ್ತಾರ್ರಿ ಅಕ್ಕಾರ. ಒಮ್ಮೆ ಇನ್‌ಚಾರ್ಜ್ ಮಾಡಿದರಂದ್ರ ಆಮ್ಯಾಲೆ ನಾನಽ ಹೇಳ್ತೇನಿ. ಎಂಟು ತಿಂಗಳ ತನಕ ಕೆಲಸ ಮಾಡ್ತೇನಿ, ರಜಾ ಮುಗಿಸಿ ಮತ್ತ ಬರ್ತೇನಿ."

"ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ" ಅಂದರು. ನಾನು ಆಣೆ ಕೇಳಿರಲಿಲ್ಲ. ಅವರಾಗಿಯೇ ಸೀರೆಯ ಮೇಲಿಂದ ಕೊರಳಿನ ಲಿಂಗ ಮುಟ್ಟಿಕೊಂಡರು. ಆಮೇಲೆ ಚೀಲದಿಂದ ಒಂದು ಕಡಕ್ ರೊಟ್ಟಿ ತೆಗೆದು, ಒಣಾದೇ ತಿನ್ನು, ಹೊಟ್ಟೆಯಲ್ಲಿ ನಿಲ್ಲುತ್ತದೆ ಅಂದರು. ನಿಂತಿತು. ಬಿದಿರಿನ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು ರೊಟ್ಟಿ ಕಡಿಯುತ್ತ, ಹುಟ್ಟುವುದು ಹೆಣ್ಣಾದರೆ ಏನು ಹೆಸರಿಡುವುದು ಅಂತೆಲ್ಲ ಮಾತಾಡಿದೆವು. ಅಷ್ಟು ಹಗುರಾದ ಮಧ್ಯಾಹ್ನ ನನಗೆ ಮತ್ತೆ ಸಿಕ್ಕಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಹೆಗಲ ಮೇಲೆ ಮಲಗಿಬಿಟ್ಟೆ. ಇಳಿಯುವಾಗ ಎದ್ದು ನೋಡಿದರೆ ಅವರು ಎಚ್ಚರವಾಗಿಯೇ ಕಿಟಕಿಯಾಚೆ ನೋಡುತ್ತಿದ್ದರು. ಆ ಅರ್ಧ ತಾಸಿನಲ್ಲಿ ಅವರ ತಲೆಯೊಳಗೆ ಏನು ನಡೆದಿತ್ತೋ… ಎಷ್ಟು ಸಲ ಯೋಚಿಸಿದ್ದೇನೆ.

ಊರಿಗೆ ಬಂದ ಎರಡು ವಾರಕ್ಕೆ ನೋಟೀಸು ಹಚ್ಚಿದರು. ಇನ್‌ಚಾರ್ಜ್ ಅಕ್ಕಾರು. ಸಂಕಟವಾಯಿತು, ಇಲ್ಲ ಅಂದರೆ ಸುಳ್ಳು. ಆದರೆ ಆ ಬಾತ ಕಾಲುಗಳನ್ನು ನೆನೆಸಿ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ, ಅವರಿಗೆ ಕುರ್ಚಿ ಸಿಕ್ಕಿತಲ್ಲ ಅಂತ. ಮಾತು ಕೊಟ್ಟಿದ್ದೆ, ಮರುದಿನ ಎರಡು ಕಿಲೋ ಪೇಢೆ ತಂದು ಲೈನಿನ ತುಂಬ ಹಂಚಿದೆ. ಕೊನೆಗೆ ಡಬ್ಬಿ ಹಿಡಿದು ಸಿಬ್ಬಂದಿ ವಿಭಾಗದ ಸಾಹೇಬರ ಮೇಜಿಗೂ ಹೋದೆ. ಅವರು ಒಂದು ಪೇಢೆ ತೆಗೆದು ನನ್ನ ಕೈಗೇ ಇಟ್ಟರು.

"ಮೊದಲ ನೀವು ತಿನ್ರಿ. ಎರಡು ಜೀವ ಅಲ್ಲೇನ್ರಿ ಈಗ? ಆ ಕೊರಿಯಾದ ಸಾಹೇಬ ನಿಮ್ಮ ಹೆಸರಽ ಮೊದಲ ಬರದಿದ್ದ. ಇರ್ಲಿ ಬಿಡ್ರಿ, ಹೆರಿಗಿ ಮುಗಿಸ್ಕೊಂಡು ಬರ್ರಿ, ಮುಂದ ನೋಡೂಣು."

ಪಾಪ, ಅವರು ಹರಸುವ ದನಿಯಲ್ಲೇ ಅಂದರು. ಡಬ್ಬಿಯಲ್ಲಿ ಇನ್ನೂ ನಾಲ್ಕೈದು ಪೇಢೆ ಉಳಿದಿದ್ದವು. ನಗುನಗುತ್ತ ಊರಿಗೆಲ್ಲ ಸಿಹಿ ಹಂಚಿ ಬಂದದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತವೆ. ಅಕ್ಕಾರು ನನ್ನ ಕೈಯಿಂದಲೇ ನನಗಾದ ಮೋಸಕ್ಕೆ ಪೇಢೆ ಹಂಚಿಸಿದ್ದರು.

ಸಂಜೆ ಬಸ್ಸಿನಲ್ಲಿ ಕೇಳಿದೆ. ಅಕ್ಕಾರು ಸುಳ್ಳು ಹೇಳಲಿಲ್ಲ. "ಹೌದು, ನಾನಽ ಹೇಳೇನಿ. ನಿನ್ನ ಒಳ್ಳೇದಕ್ಕ ಹೇಳೇನವಾ. ಆ ಲೈನಿನ್ಯಾಗ ಬೆಸುಗಿ ಹೊಗಿ ಭಾಳ. ಹೊಟ್ಟ್ಯಾಗಿನ ಕೂಸಿಗೆ ಛಲೋ ಅಲ್ಲ."

"ಇನ್‌ಚಾರ್ಜ್ ಕುಂದ್ರೂದು ಗಾಜಿನ ಖೋಲ್ಯಾಗ ರೀ. ಅಲ್ಲೆ ಹೊಗಿ ಬರೂದಿಲ್ಲ."

ಬಸ್ಸು ನವನಗರ ದಾಟಿತು. ಉಣಕಲ್ ಕೆರೆ ಕಾಣುವಾಗ, ನನ್ನ ಕಡೆ ತಿರುಗದೆ, "ನಿನಗ ಇನ್ನಽ ವಯಸ್ಸು ಐತಿ" ಅಂದರು. ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಅಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ… ಬಹುಶಃ ಅತ್ತು ಮುಗಿಸುತ್ತಿದ್ದೆ.

ಮರುದಿನ ಪಕ್ಕದ ಸೀಟಿನ ಮೇಲೆ ಡಬ್ಬಿ ಇತ್ತು. ನಾನು ಅದನ್ನು ದಾಟಿ ಹಿಂದಿನ ಸೀಟಿಗೆ ಹೋಗಿ ಕೂತೆ. ಹೆರಿಗೆ ರಜೆಯ ತನಕ ದಿನಾ ಅವರು ಡಬ್ಬಿ ಇಡುತ್ತಿದ್ದರು, ದಿನಾ ನಾನು ದಾಟಿ ಹೋಗುತ್ತಿದ್ದೆ. ನನಗೂ ಹಟ ಕಡಿಮೆ ಇಲ್ಲ.

ಮಗಳು ಹುಟ್ಟಿದ ಮೇಲೆ ಆ ಕಾರ್ಖಾನೆಗೆ ಹೋಗಲಿಲ್ಲ. ಬೇರೆ ಕಡೆ ಸೇರಿದೆ, ನಾಲ್ಕು ವರ್ಷಕ್ಕೆ ನನಗೂ ಕುರ್ಚಿ ಬಂತು. ಅಕ್ಕಾರು ಒಮ್ಮೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ನಿಲ್ದಾಣದಲ್ಲಿ ಎದುರು ಕಂಡು ಕೈ ಎತ್ತಿದರು. ನಾನು ಫೋನ್ ನೋಡುವ ನಾಟಕ ಮಾಡಿದೆ. ಹೋದ ವರ್ಷ ಅವರು ಕೆಲಸ ಬಿಟ್ಟು ಮಗನ ಹತ್ತಿರ ಬೆಳಗಾವಿಗೆ ಹೋದರು ಅಂತ ಯಾರೋ ಹೇಳಿದರು. ಕಾಲು ಹೇಗಿವೆ ಅಂತ ನಾನು ಕೇಳಲಿಲ್ಲ.

ಕುರ್ಚಿ ಹೋದದ್ದಕ್ಕೆ ನನಗೆ ಈಗ ಸಿಟ್ಟಿಲ್ಲ. ಸಿಟ್ಟು ಬೇರೆಯದಕ್ಕೆ. ಅಂದಿನಿಂದ ನಾನು ಯಾರಿಗೂ ಏನನ್ನೂ ಹೇಳುವವಳಾಗಿ ಉಳಿಯಲಿಲ್ಲ. ಮೂರು ವರ್ಷದ ಹಿಂದೆ ಎರಡನೆಯ ಬಸಿರು ನಿಂತಾಗ, ಗಂಡನ ಬಾಯಿಗೂ ಬೀಗ ಹಾಕಿ ಇಟ್ಟೆ. ಮೂರನೇ ತಿಂಗಳು ತುಂಬುವ ಮೊದಲೇ ಅದು ಹೋಯಿತು. ಯಾರಿಗೂ ಗೊತ್ತಿರದಿದ್ದರಿಂದ ಯಾರೂ ಬರಲಿಲ್ಲ. ಗಂಡನಿಗೆ ಎರಡೇ ದಿನ ರಜೆ ಸಿಕ್ಕಿತ್ತು. ಮೂರನೆಯ ದಿನ ಒಬ್ಬಳೇ ಮಂಚದ ಮೇಲೆ ಬಿದ್ದಿದ್ದಾಗ ನನಗೆ ಬೇಕೆನಿಸಿದ್ದು ಅಕ್ಕಾರೇ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಖರೆ.

ಆ ಹೊತ್ತಿಗೆ ಅವ್ವ ಫೋನ್ ಮಾಡಿ, "ದನಿ ಯಾಕ ಹಿಂಗೈತಿ?" ಅಂದಳು. ನೆಗಡಿ ಅಂದೆ. ಶುಂಠಿ ಕಷಾಯ ಕುಡಿ ಅಂದಳು. ಈವತ್ತಿಗೂ ಅವ್ವನ ಲೆಕ್ಕದಲ್ಲಿ ಅದು ನೆಗಡಿಯೇ.