ಕಣ್ಣ ಮುಂದಿನ ಹಡಗು

ಮಾರಾಯ್ರೇ, ಇವತ್ತು ಐರೋಲಿಯ ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು. ದೇಶದೇಶಗಳಲ್ಲಿ ಕಂಟೇನರ್ ಬಂದರು ನಡೆಸುವ ನಮ್ಮ ಕಂಪನಿಗೆ ಆಫ್ರಿಕಾದಲ್ಲಿ ಇನ್ನೊಂದು ಬಂದರು ಸಿಕ್ಕಿದೆ. ನಾನು ಸಹಾಯವಾಣಿಯವಳು. ಕೇಕ್ ಬಾಯಲ್ಲಿರುವಾಗಲೇ ಫೋನ್ ಬಂತು.

ಇಲ್ಲಿಯ ನಮ್ಮದೇ ಬಂದರಿನ ಗೇಟಿನಿಂದ ಒಬ್ಬ ಟ್ರೇಲರ್ ಡ್ರೈವರ್. ಅವರ ಹಿಂದಿಯಲ್ಲಿ ಕನ್ನಡದ ಧಾಟಿ ಕೇಳಿದ ಕೂಡಲೇ ಕನ್ನಡದಲ್ಲಿ ಮಾತಾಡಿದೆ. ವಿಜಯಪುರದವರು.

“ದ್ರಾಕ್ಷಿ ಐತ್ರೀ ಅಕ್ಕಾರ. ಘಾಟಿನ್ಯಾಗ ಜಾಮ್ ಆಗಿ ತಡಾ ಆತು. ಹಡಗ ಕಣ್ಣ ಮುಂದ ನಿಂತೈತಿ, ಗೇಟ್ ತೆರೀವಲ್ದು.”

“ಆ ಹಡಗಿಗೆ ಕಂಟೇನರ್ ಒಳಗೆ ಬಿಡುವ ಟೈಮ್ ಮುಗ್ದಿದೆ ಅಣ್ಣ, ಸಿಸ್ಟಮ್ ತಗೊಳ್ಳುದಿಲ್ಲ. ಮುಂದಿನ ಹಡಗಿಗೆ ಬುಕ್ ಮಾಡ್ಬೇಕಷ್ಟೆ.”

“ಗೇಟಿನ್ಯಾಗ ಮನಶ್ಯಾರ ಯಾರೂ ಇಲ್ಲೇನ್ರಿ?”

“ಇಲ್ಲ, ಎಲ್ಲ ಕ್ಯಾಮೆರಾವೇ.”

“ನೀವೆಲ್ಲಿ ಅದೀರಿ?”

“ಐರೋಲಿ.”

“ಹಂಗಾರ ಇಲ್ಲೇ ಅದೀರಲ್ರೀ! ಬಂದು ಒಂದ ಮಾತ ಹೇಳ್ರಿ.”

ಹೋಗಬಹುದಿತ್ತು. ಆದರೆ ಯಾರಿಗೆ ಹೇಳುವುದು, ಕ್ಯಾಮೆರಾಕ್ಕಾ? ನಿಯಮದಂತೆ, ಇನ್ನೇನಾದರೂ ಸಹಾಯ ಬೇಕಾ ಎಂದು ಕೇಳಿದೆ. ಕೇಳುವಾಗ ನನಗೇ ನಾಚಿಕೆಯಾಯಿತು.

“ಬ್ಯಾಡ್ರೀ. ಕನ್ನಡದಾಗ ಮಾತಾಡಿದ್ರಲ್ಲ, ಅಷ್ಟ ಸಾಕು.”

ಸಂಜೆ ಹಡಗು ಆ ದ್ರಾಕ್ಷಿ ಬಿಟ್ಟೇ ಹೊರಟಿತು. ಅಣ್ಣ ನನ್ನ ಸೇವೆಗೆ ಐದು ಸ್ಟಾರ್ ಕೊಟ್ಟಿದ್ದಾರೆ. ಆಫೀಸಿನಲ್ಲಿ ಅದಕ್ಕೂ ಚಪ್ಪಾಳೆ ತಟ್ಟಿದರು.