ಮಾತು ದಾಟಿಸುವವಳು

ಒಂಬತ್ತನೇ ತರಗತಿಯಲ್ಲಿ ಅವಳಿಗೆ ಜಡ್ಜಮ್ಮ ಎಂದೇ ಹೆಸರು. ಯಾರು ಯಾರ ಮೇಲೆ ಮುನಿಸಿಕೊಂಡರೂ ಪಂಚಾಯಿತಿ ಅವಳ ಬೆಂಚಿಗೇ ಬರುತ್ತಿತ್ತು. ಬೇರೆಯವರ ಮನಸ್ಸನ್ನು ಅರಿಯುವ ಗುಣಕ್ಕೆ ಶಾಲೆಯ ಆಪ್ತಸಲಹೆಗಾರ್ತಿ ಅವಳಿಗೇ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟಿದ್ದರು. ಗಣಿತದಲ್ಲಿ ಮಾತ್ರ ಫೇಲು. ಮರುಪರೀಕ್ಷೆ ನಾಳೆ ಬೆಳಿಗ್ಗೆ. ಅದರಲ್ಲೂ ಹೋದರೆ ಗೆಳತಿಯರೆಲ್ಲ ಹತ್ತಕ್ಕೆ, ಅವಳು ಒಂಬತ್ತರಲ್ಲೇ.

"ಎಲ್ಲರ ಜಗಳ ಬಿಡಿಸ್ತೀಯ, ಒಂದು ಲೆಕ್ಕ ಬಿಡಿಸೋಕೆ ಏನಮ್ಮ ಕಷ್ಟ?" ಎಂದು ಗಣಿತದ ಮೇಷ್ಟ್ರು ಕೇಳಿದ್ದರು.

ಕಷ್ಟವಿದ್ದದ್ದು ಮನೆಯಲ್ಲಿ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಅಮ್ಮ ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಮುಂದೆ. ಚಳಿಗಾಲದಲ್ಲಿ ಜಗಳವಾಗಿ ಬಿಟ್ಟ ಮಾತನ್ನು ಇಬ್ಬರೂ ಮತ್ತೆ ಶುರುಮಾಡಿರಲಿಲ್ಲ. ಏನಿದ್ದರೂ ಮಗಳ ಬಾಯಿಂದಲೇ ದಾಟಬೇಕು. "ನಿಮ್ಮಪ್ಪನಿಗೆ ಹೇಳು" ಎಂದು ಒಳಗಿನಿಂದ ಉರಿಯುತ್ತ ಹೊರಟ ಮಾತು ಹಜಾರ ಸೇರುವಷ್ಟರಲ್ಲಿ ಅವಳ ಬಾಯಲ್ಲಿ ತಣ್ಣಗಾಗಿರುತ್ತಿತ್ತು. ಕಸ ಗುಡಿಸಿದ್ದು, ಪಾತ್ರೆ ಬೆಳಗಿದ್ದು ಕಣ್ಣಿಗಾದರೂ ಕಾಣುತ್ತದೆ. ಅವಳ ಈ ಕೆಲಸ ಯಾರಿಗೂ ಕಾಣುತ್ತಿರಲಿಲ್ಲ. ನಮ್ಮ ಮಗಳು ಬಂಗಾರ ಎಂದು ಇಬ್ಬರೂ ಹೇಳುತ್ತಿದ್ದರು, ಬೇರೆ ಬೇರೆಯಾಗಿ.

ಆ ಸಂಜೆ ಅಪ್ಪ ಸ್ಕೂಟರನ್ನು ಸ್ಟ್ಯಾಂಡಿಗೆ ಎಳೆದ ಸದ್ದಿನಲ್ಲೇ ಅವಳಿಗೆ ತಿಳಿಯಿತು, ಇವತ್ತು ಗ್ರಹಚಾರ ನೆಟ್ಟಗಿಲ್ಲ. ಮಾಡುತ್ತಿದ್ದ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಎದ್ದಳು.

"ನನ್ನ ಯೂನಿಫಾರಂ ಇನ್ನೂ ಬಕೆಟ್ಟಲ್ಲೇ ನೆನೀತಿದೆ. ದಿನವೆಲ್ಲ ಏನು ಕಡಿದು ಕಟ್ಟೆ ಹಾಕಿದ್ಳಂತೆ, ಕೇಳು ನಿಮ್ಮಮ್ಮನ್ನ."

ಬೇರೆ ದಿನವಾಗಿದ್ದರೆ, 'ಅಮ್ಮಾ, ಅಪ್ಪನ ಯೂನಿಫಾರಂ ಒಗೆದಾಯ್ತಾ' ಎಂದಷ್ಟೇ ಕೇಳುತ್ತಿದ್ದಳು. ಇವತ್ತು ಬಾಗಿಲಲ್ಲಿ ನಿಂತು ಅಪ್ಪನ ಮಾತನ್ನು ಇದ್ದಂತೆಯೇ ಒಪ್ಪಿಸಿದಳು.

ಮೆಷಿನ್ ನಿಂತಿತು. "ಹಾಗಂದ್ರಾ? ಯಾವತ್ತೂ ಹಾಗನ್ನೋರಲ್ಲ ಅವರು."

"ದಿನಾ ಅಂತಾರಮ್ಮ. ನಾನು ಹೇಳ್ತಿರಲಿಲ್ಲ. ನೀನು ಅಂದಿದ್ದನ್ನೂ ಅವರಿಗೆ ಹೇಳ್ತಿರಲಿಲ್ಲ."

ಅಮ್ಮ ಹೊಲಿಗೆಯನ್ನು ಬದಿಗೆ ತಳ್ಳಿದಳು. "ಹೋಗಿ ಕೇಳು, ಕೈನೇನು ಡಿಪೋದಲ್ಲೇ ಬಿಚ್ಚಿಟ್ಟು ಬಂದ್ರಾ ಅಂತ."

"ನೀನೇ ಕೇಳು. ನನಗೆ ನಾಳೆ ಪರೀಕ್ಷೆ."

ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಹೊರಗೆ ಅಪ್ಪ, "ಏನಂದ್ಳು?" ಎಂದ. ಮಗಳು ಪುಸ್ತಕದ ಮುಂದೆ ಕೂತಳು. ಅಮ್ಮನ ಹೆಜ್ಜೆ ಹಜಾರದತ್ತ ನಡೆಯಿತು. ಡಿಪೋದಲ್ಲಿ ಬಿಚ್ಚಿಟ್ಟ ಕೈಯ ಮಾತು ಅಮ್ಮನ ಬಾಯಿಂದಲೇ, ಕಾದ ಹೆಂಚಿನಂತೆ ಬಿತ್ತು. ಕುರ್ಚಿ ಜರುಗಿತು.

"ಕರಿ ಮಗಳನ್ನ" ಎಂದ ಅಪ್ಪ.

ಅವಳು ಎದ್ದಾಗಿತ್ತು. ಕೈ ಚಿಲಕದ ಮೇಲಿತ್ತು.

"ಅವಳು ಓದ್ತಿದ್ದಾಳೆ" ಎಂದಳು ಅಮ್ಮ. "ಏನಿದ್ರೂ ನನಗೇ ಹೇಳಿ."

ಅಪ್ಪ ಏನು ಹೇಳಿಯಾನೆಂದು ಮಗಳಿಗೆ ಈ ಸಲ ಊಹಿಸಲಾಗಲಿಲ್ಲ. ಚಿಲಕದಿಂದ ಕೈ ತೆಗೆದು ಕೂತು, ಅರ್ಧಕ್ಕೆ ಬಿಟ್ಟ ಲೆಕ್ಕವನ್ನು ಮೊದಲಿನಿಂದ ಬರೆಯತೊಡಗಿದಳು.